ಫೋನಿನ ಜೋಡಿ ಬಂದ ಬ್ರೌಸರ್ ಇರಲೋ, ಬ್ಯಾರೇದು ಹಾಕ್ಕೋಳೂದೋ?

ಹೋದ ಸಲ ಗುರೆಳ್ಳ ಹಿಂಡಿ ಮಾಡೂ ರೀತಿ ಹೇಳಿದ್ದೆ. ಈ ಸಲ ಫೋನಿನ ಮಾತು. "ಇದೇನವ್ವ, ಅಡಗಿ ಬಿಟ್ಟು ಎಲ್ಲಿಗೆ ಹೊಂಟಿ" ಅನಬ್ಯಾಡ್ರಿ. ನಮ್ಮೆಲ್ಲಾರ ಫೋನೂ ಈಗ ಹಿಟ್ಟಿನ ಡಬ್ಬಿ ಮಗ್ಗಲದಾಗ ಇರತೈತಿ. ರೊಟ್ಟಿ ಬಡಿಯೂ ಕೈಲೇನ ಒರಸಿ ಒರಸಿ ನೋಡತೀವಿ. ಹಂಗಾಗಿ ಅದೂ ಮನಿ ಮಾತ ಐತಿ.

ಈ ಎರಡು ತಿಂಗಳಾಗ ಬಳಗದಾಗ ನಾಕೈದು ಮಂದಿ ಒಂದ ಪ್ರಶ್ನಿ ಕೇಳ್ಯಾರ. ಫೋನ್ ತಗೊಂಡಾಗ ಅದರೊಳಗ ಬಂದಿರೂ ಬ್ರೌಸರ್ ಬಳಸಬಾರದಂತ, ಹೊರಗಿನ ಬ್ಯಾರೆ ಕಂಪನೀದು ಹಾಕ್ಕೋಬೇಕಂತ, ಖರೇ ಏನು? ಕುಷ್ಟಗಿಯೊಳಗಿನ ದೊಡ್ಡ ನಾದಿನಿಗೆ ಮೊಮ್ಮಗ ಹೇಳ್ಯಾನ. ಗಂಗಾವತಿ ಅಕ್ಕಗ ಮೊಬೈಲ್ ಅಂಗಡಿಯಾಂವ ಹೇಳ್ಯಾನ. ನಮ್ಮನಿಯವರು ಮಾತ್ರ "ಬಂದದ್ದು ಇರಲಿ ಬಿಡು, ಕೆಲಸ ನಡದೈತಲ್ಲ" ಅಂತಾರ. ನಾ ಪಿಯುಸಿ ತನಕ ಓದಿದಾಕಿ, ಇಂಜಿನಿಯರ್ ಅಲ್ಲ. ಮಗಳು ಬೆಂಗಳೂರಾಗ ಕಂಪ್ಯೂಟರ್ ಕೆಲಸ ಮಾಡತಾಳ. ಅಕಿನ್ನ ಕೇಳಿ, ಪೇಪರ್ ಓದಿ, ನಮ್ಮ ಮನ್ಯಾಗಿನ ಫೋನಿನ್ಯಾಗ ಮಾಡಿ ನೋಡಿ, ತಿಳದಷ್ಟು ಬರದೀನಿ.

ಮೊದಲ ಬ್ರೌಸರ್ ಅಂದ್ರ ಏನು ಅಂತ ಹೇಳಿಬಿಡತೀನಿ, ಯಾಕಂದ್ರ ನಾವು ಎಲ್ಲಾಕ್ಕೂ "ಗೂಗಲ್" ಅಂದ್ಬಿಡತೀವಿ. ಗೂಗಲ್ ಅನ್ನೂದು ಹುಡುಕಿಕೊಡೂದು. ಓಣಿಯಾಗ ನಿಂತು "ಇಂಥವರ ಮನಿ ಎಲ್ಲೈತ್ರಿ" ಅಂತ ಕೇಳಿದ್ರ ದಾರಿ ತೋರಸ್ತಾರಲ್ಲ, ಹಂಗ. ಬ್ರೌಸರ್ ಅನ್ನೂದು ನಮ್ಮನ್ನ ಆ ಮನಿ ತನಕ ಕರಕೊಂಡು ಹೋಗೂ ಟಂಟಂ. ಭೂಮಿ ವೆಬ್‌ಸೈಟಿನ್ಯಾಗ ಪಹಣಿ ನೋಡ್ರಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡ್ರಿ, ಜೆಸ್ಕಾಂ ಕರೆಂಟ್ ಬಿಲ್ ನೋಡ್ರಿ, ಟಂಟಂ ಅದ. ಆ ಟಂಟಂ ಹೊಡಿಯಾಂವಗ ನಾವು ಯಾರ ಮನಿಗೆ ಹೋದ್ವಿ, ಎಷ್ಟೊತ್ತು ಕುಂತಿವಿ, ಮತ್ತ ಎಲ್ಲಿಗೆ ಹೊಂಟಿವಿ ಎಲ್ಲಾ ಗೊತ್ತಾಗತೈತಿ. ಇದೊಂದು ಮಾತು ನೆನಪಿಟ್ಕೋರಿ.

ಆಂಡ್ರಾಯ್ಡ್ ಫೋನ್ ಕೊಂಡಾಗ ಅದರಾಗ ಹೆಚ್ಚಾಗಿ ಎರಡು ಬ್ರೌಸರ್ ಬಂದಿರತಾವ. ಒಂದು ಗೂಗಲ್ ಕಂಪನಿಯ ಕ್ರೋಮ್. ಕೆಂಪು, ಹಳದಿ, ಹಸರು ಚಕ್ರದ ನಡುವ ನೀಲಿ ಬೊಟ್ಟು ಇರತೈತಲ್ಲ, ಅದು. ಇನ್ನೊಂದು ಫೋನ್ ಮಾಡಿದ ಕಂಪನಿಯವರದು. ಅದಕ್ಕ ಬರೇ "ಬ್ರೌಸರ್" ಅಂತ ಹೆಸರಿರತೈತಿ, ಇಲ್ಲಾ "ಇಂಟರ್ನೆಟ್" ಅಂತ. ಐಫೋನ್ ಇದ್ದವರಿಗೆ ಸಫಾರಿ ಅಂತ ಬರತೈತಿ. ಇದರಾಗ ಯಾವುದಾದ್ರೂ ಒಂದು "ಡೀಫಾಲ್ಟ್" ಆಗಿರತೈತಿ. ಅಂದ್ರ ವಾಟ್ಸ್ಆ್ಯಪ್‌ನ್ಯಾಗ ಯಾರರ ಲಿಂಕ್ ಕಳಿಸಿದ್ರ, ನಾವು ಒತ್ತಿದ ಕೂಡ್ಲೇ ಅದ ಟಂಟಂ ಬಂದು ಬಾಗಲದಾಗ ನಿಂದ್ರತೈತಿ. ನಾವು ಕರದಿರೂದಿಲ್ಲ, ಆರಿಸಿರೂದೂ ಇಲ್ಲ. ಫೋನ್ ಮಾಡಿದಾಂವ ಆರಿಸಿಟ್ಟಿರತಾನ.

ಅಂವ ಯಾಕ ಆರಿಸಿಟ್ಟಿರತಾನ? ಪುಗಸಟ್ಟೆ ಯಾರೂ ಟಂಟಂ ಹೊಡಿಯೂದಿಲ್ಲ. ಅಗ್ಗದ ಫೋನುಗಳ ಸ್ವಂತ ಬ್ರೌಸರ್ ತಗದು ನೋಡ್ರಿ. ಮೊದಲನೇ ಪುಟದಾಗ ಸುದ್ದಿ ಮ್ಯಾಲ ಸುದ್ದಿ, ನಡುನಡುವ ಜಾಹೀರಾತು. ಅದನ್ನ ನಾವು ನೋಡಿದ್ರ, ಒತ್ತಿದ್ರ ಅವರಿಗೆ ರೊಕ್ಕ. ಫೋನ್ ಅಗ್ಗ ಮಾಡಿದ್ದನ್ನ ಹಿಂಗ ಸ್ವಲ್ಪ ಸ್ವಲ್ಪ ವಸೂಲಿ ಮಾಡ್ಕೋತಾರ.

ಕುಷ್ಟಗಿ ನಾದಿನಿ ಫೋನಿನ್ಯಾಗ ಆದದ್ದು ಹೇಳತೀನಿ. ಫೋನಿನ ಕಂಪನಿ ಹೆಸರು ಬ್ಯಾಡ. ಅಕಿ ಒಂದಿನ ಆ ಬ್ರೌಸರ್‌ನ್ಯಾಗ ಜಾತಕದ ಪುಟ ಏನೋ ತಗದಾಳ. "ಅಲೋ" ಅಂತ ಒಂದು ಚೀಟಿ ಬಂತು, ಒತ್ತಿದ್ಲು. ಒತ್ತಿದ್ರ ಮುಂದಿಂದು ತೋರಸ್ತೈತಿ ಅಂತ ಯಾರಿಗಾದ್ರೂ ಅನಸ್ತೈತಿ. ಮರುದಿನದಿಂದ ಟಣ್ ಟಣ್ ಶುರುವಾತು. "ನಿಮ್ಮ ಫೋನಿಗೆ 13 ವೈರಸ್ ಬಂದಾವ", "ಈಗಿಂದೀಗ ಸ್ವಚ್ಛ ಮಾಡ್ರಿ", "ಐದು ನಿಮಿಷದಾಗ ಸಾಲ". ರಾತ್ರಿ ಹತ್ತಕ್ಕೂ ಬರತಿತ್ತು, ಪೂಜಾ ಮಾಡೂಮುಂದೂ ಬರತಿತ್ತು. ಅಕಿಗೆ ಅಂಜಿಕಿ ಹತ್ತಿ ಫೋನ್ ಬಂದ್ ಮಾಡಿ ಪೆಟ್ಟಿಗ್ಯಾಗ ಇಟ್ಟುಬಿಟ್ಲು. ಎರಡು ದಿನ ನಮ್ಮ ಫೋನ್ ಹತ್ತಲಿಲ್ಲ. ಏನಾತೋ ಅಂತ ನಾವ ಇಲ್ಲಿಂದ ಬಸ್ ಹತ್ತಿ ಹೋದ್ವಿ.

ವೈರಸ್ಸೂ ಇರಲಿಲ್ಲ, ಏನೂ ಇರಲಿಲ್ಲ. ಆ "ಅಲೋ" ಅನ್ನೂದು "ನಿನ್ನ ಫೋನಿಗೆ ಬೇಕಾದಾಗ ಸುದ್ದಿ ಕಳಸ್ತೀನಿ" ಅನ್ನೂದಕ್ಕ ಒಪ್ಪಿಗಿ. ಬ್ರೌಸರ್ ಸೆಟ್ಟಿಂಗ್ಸ್ ಒಳಗ ನೋಟಿಫಿಕೇಶನ್ಸ್ ಅಂತ ಇರತೈತಿ, ಅಲ್ಲಿ ಆ ಸೈಟಿನ ಹೆಸರು ಹುಡುಕಿ ಬಂದ್ ಮಾಡಿದ್ರ ನಿಂದರತೈತಿ. ಇಂಥಾ ಚೀಟಿ ಕ್ರೋಮ್‌ನ್ಯಾಗೂ ಬರತೈತಿ, ಹೊರಗಿನ ಬ್ರೌಸರ್‌ನ್ಯಾಗೂ ಬರತೈತಿ. ಖರೇ, ಫೋನ್ ಕಂಪನಿ ಬ್ರೌಸರ್ ಮಾತ್ರ ಅಕಿ ಕೇಳದಿದ್ರೂ ಆ ಜಾತಕದ ಪುಟ ಮುಂದ ತಂದಿಟ್ಟಿತ್ತು. ನನಗ ಅದರ ಮ್ಯಾಲ ಸಿಟ್ಟು ಬಂದದ್ದು ಅದಕ್ಕ.

ಎರಡನೇದು ಸ್ವಲ್ಪ ಸೂಕ್ಷ್ಮದ ಮಾತು. ನಮ್ಮ ಓಣಿಯಾಗಿನ ಒಬ್ಬಾಕಿ, ಅಕಿನ್ನ ಕೇಳೇ ಬರ್ಯಾಕತ್ತೀನಿ, ಹೆಸರು ಹೇಳೂದಿಲ್ಲ. ನಲವತ್ತೆಂಟು ವಯಸ್ಸು. ಮುಟ್ಟು ಭಾಳ ಹೋಗಾಕತ್ತಿತ್ತು, ಹತ್ತು ಹನ್ನೆರಡು ದಿನ ನಿಂದರ್ತಿರಲಿಲ್ಲ. ಯಾರಿಗೆ ಹೇಳೂದು? ಗಂಡಗ ಹೇಳಾಕ ನಾಚಿಕಿ, ಸೊಸಿ ಹೊಸಬಳು. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಫೋನಿನ್ಯಾಗ ಕನ್ನಡದಾಗ ಬರದು ಹುಡುಕ್ಯಾಳ. ಎರಡು ದಿನ ಬಿಟ್ಟು ಮೈದುನನ ಮಗ ಆಟ ಆಡಾಕ ಅದ ಫೋನ್ ತಗೊಂಡ. ಬ್ರೌಸರ್ ಮೊದಲನೇ ಪುಟದಾಗ ಗರ್ಭಚೀಲದ ಆಪರೇಶನ್ ಜಾಹೀರಾತು, ಕೆಳಗ ಅಕಿ ಹುಡುಕಿದ ಮಾತು ಹಂಗ ನಿಂತಿತ್ತು. ಹುಡುಗ ಪಡಸಾಲ್ಯಾಗ ಎಲ್ಲಾರ ಮುಂದ ಗಟ್ಟಿ ಓದಿಬಿಟ್ಟ. ಅಂವಂದು ತಪ್ಪಲ್ಲ, ಒಂಬತ್ತು ವರ್ಷದ ಹುಡುಗ. ಖರೇ, ಅಕಿ ಅವತ್ತಿನಿಂದ ಫೋನಿನ್ಯಾಗ ಹುಡುಕೂದ ಬಿಟ್ಲು, ಯಾರನ್ನೂ ಕೇಳೂದೂ ಬಿಟ್ಲು. ಐದು ತಿಂಗಳಾದ ಮ್ಯಾಲ ಕಟ್ಟಿ ಮ್ಯಾಲ ಕುಂತಾಗ ತಲಿ ತಿರುಗಿ ಬಿದ್ಲು. ದವಾಖಾನಿಗೆ ಒಯ್ದ್ರ ರಕ್ತ ಏಳಕ್ಕ ಇಳದಿತ್ತು. ಈಗ ಔಷಧ ತಗೊಂಡು ಆರಾಮ ಅದಾಳ. ಆ ಐದು ತಿಂಗಳು ಮಾತ್ರ ಹೋದವು.

"ಬ್ರೌಸರ್ ಯಾವುದಿದ್ರೇನು, ನಮಗ್ಯಾಕ ಅದರ ಉಸಾಬರಿ" ಅನ್ನೋರಿಗೆ ನಾ ಇದನ್ನ ಹೇಳೂದು. ಗಂಡಸರ ಫೋನ್ ಅವರ ಕಿಸೇದಾಗ ಇರತೈತಿ. ನಮ್ಮ ಫೋನ್ ಮನಿ ಮಂದೀದೆಲ್ಲಾ. ಹುಡುಗರು ಆಟಕ್ಕ ತಗೋತಾರ, ಅತ್ತಿ ಪ್ರವಚನಕ್ಕ ತಗೋತಾರ, ಮಗ ರೀಚಾರ್ಜ್ ಮಾಡಾಕ ತಗೋತಾನ. ಹಂಥಾ ಫೋನಿನ್ಯಾಗ ನಾವು ಕೇಳಿದ್ದನ್ನ ಮತ್ತೊಬ್ಬರ ಮುಂದ ಒದರೂ ಬ್ರೌಸರ್ ಇದ್ರ, ನಾವು ಕೇಳೂದ ಬಿಡತೀವಿ.

ಹಂಗಂದ್ರ ಬಂದದ್ದು ತಗದು ಹೊರಗಿಂದು ಹಾಕ್ಕೊಂಡ್ರ ಎಲ್ಲಾ ಸುರಳೀತ ಆತೇನು? ಅದೂ ಇಲ್ಲ. ಯುಸಿ ಬ್ರೌಸರ್ ನೆನಪೈತಲ್ಲ? ಅಳಿಲಿನ ಚಿತ್ರ ಇದ್ದದ್ದು. ಏಳೆಂಟು ವರ್ಷದ ಹಿಂದ ನಮ್ಮ ಬಳಗದ ಹುಡುಗರೆಲ್ಲಾ ಅದನ್ನ ಹಾಕ್ಕೊಂಡಿದ್ರು. ಲಗೂನ ತಗೀತೈತಿ, ನೆಟ್ ಕಡಿಮಿ ತಿಂತೈತಿ, ಹಾಡು ಇಳಸಾಕ ಛಲೋ ಅಂತ. ಅದೂ ಹೊರಗಿಂದ ಹಾಕ್ಕೊಂಡದ್ದ. ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಅನ್ನೋರು 2015ರಾಗ ಅದನ್ನ ಪರೀಕ್ಷಾ ಮಾಡಿ, ಮಂದಿ ಏನು ಹುಡುಕಿದ್ರು, ಎಲ್ಲಿದ್ರು, ಅವರ ಫೋನಿನ ಗುರುತು ಏನು ಅನ್ನೂದೆಲ್ಲಾ ಸರಿಯಾಗಿ ಮುಚ್ಚಿಡದ ಹೊರಗ ಹೋಗಾಕತ್ತೈತಿ ಅಂತ ಬರದಿದ್ರು. ಆಮ್ಯಾಲ 2020ರ ಜೂನ್ 29ಕ್ಕ ಕೇಂದ್ರ ಸರಕಾರ 59 ಆ್ಯಪ್ ಬಂದ್ ಮಾಡಿತು. ಟಿಕ್‌ಟಾಕ್ ಹೋತು ಅಂತ ನಾವೆಲ್ಲಾ ಅದನ್ನ ಮಾತಾಡಿದ್ವಿ. ಅದ ಪಟ್ಟಿಯೊಳಗ ಯುಸಿ ಬ್ರೌಸರ್ ಇತ್ತು, ಇನ್ನೂ ಬ್ಯಾರೆ ಎರಡು ಮೂರು ಬ್ರೌಸರ್ ಇದ್ದವು. ಹೊರಗಿಂದು ಅನ್ನೂದೊಂದರಿಂದ ಬ್ರೌಸರ್ ಛಲೋ ಆಗೂದಿಲ್ಲ ಅನ್ನಾಕ ಇಷ್ಟು ಸಾಕು.

ಈಗ ನಮ್ಮನಿಯವರ ಮಾತಿಗೆ ಬರೋಣು, "ಬಂದದ್ದು ಇರಲಿ ಬಿಡು." ಈ ಬಂದದ್ದರ ಮ್ಯಾಲ ದಿಲ್ಲಿಯೊಳಗ ದೊಡ್ಡ ಖಟ್ಲೆ ನಡದೈತಿ, ಅದು ಅವರಿಗೂ ಗೊತ್ತಿರಲಿಲ್ಲ. ಭಾರತೀಯ ಸ್ಪರ್ಧಾ ಆಯೋಗ ಅಂತ ಐತಿ. ದೊಡ್ಡ ಕಂಪನಿಗಳು ತಮ್ಮ ಬಲದಿಂದ ಬ್ಯಾರೆಯವರನ್ನ ತುಳದ್ರ ಅದು ವಿಚಾರಣಿ ಮಾಡತೈತಿ. ಆ ಆಯೋಗ 2022ರ ಅಕ್ಟೋಬರ್ 20ಕ್ಕ ಗೂಗಲ್ ಕಂಪನಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಫೋನ್ ಮಾಡೋರಿಗೆ ಪ್ಲೇಸ್ಟೋರ್ ಬೇಕಂದ್ರ ಕ್ರೋಮ್, ಯೂಟ್ಯೂಬ್, ಜಿಮೇಲ್ ಎಲ್ಲಾ ಒಂದ ಗಂಟಿನ್ಯಾಗ ಹಾಕಿಕೊಳ್ಳಬೇಕು ಅನ್ನೂ ಕರಾರಿತ್ತು. ಸಕ್ರಿ ಬೇಕಂದ್ರ ಜೋಡಿ ಸೋಪೂ ತಗೋಬೇಕು ಅಂತ ಅಂಗಡಿಯಾಂವ ಅಂದಂಗ. ಹಿಂಗ ಮಾಡಿ ಬ್ರೌಸರ್ ಸಂತಿಯೊಳಗ ಕ್ರೋಮ್‌ನ ಜಾಗ ಭದ್ರ ಮಾಡ್ಕೊಂಡಾರ ಅಂತ ಆಯೋಗ ಹೇಳಿತು. ಇಂಥಾ ಆ್ಯಪ್‌ನ ಜನ ತಗದುಹಾಕಾಕ ಬರಬೇಕು ಅಂತಾನೂ ಹೇಳಿತು. ಗೂಗಲ್‌ನವರು ಮ್ಯಾಲಿನ ನ್ಯಾಯಮಂಡಳಿಗೆ ಹೋದ್ರು. 2023ರ ಮಾರ್ಚ್ 29ಕ್ಕ ಆ ನ್ಯಾಯಮಂಡಳಿ ದಂಡ ಹಂಗ ಉಳಿಸಿ, ತಗದುಹಾಕೂ ಅವಕಾಶದ ಆದೇಶವನ್ನ ರದ್ದು ಮಾಡಿತು.

ಅದಕ್ಕ ಈಗೂ ಕ್ರೋಮ್ ಮ್ಯಾಲ ಬಟ್ಟು ಒತ್ತಿ ಹಿಡದ್ರ ಹೆಚ್ಚಿನ ಫೋನಿನ್ಯಾಗ "ಅನ್‌ಇನ್‌ಸ್ಟಾಲ್" ಬರೂದಿಲ್ಲ, "ಡಿಸೇಬಲ್" ಅಂತ ಬರತೈತಿ. ಅಂದ್ರ ಮನಿ ಬಿಟ್ಟು ಹೋಗೂದಿಲ್ಲ, ಮೂಲಿಯೊಳಗ ಸುಮ್ನ ಕುಂದರತೈತಿ. ಯುರೋಪಿನ ಮಂದಿಗೆ ಮಾತ್ರ 2024ರ ಮಾರ್ಚಿನಿಂದ ಅಲ್ಲಿಯ ಕಾನೂನಿನ ಪ್ರಕಾರ ಫೋನ್ ತಾನ ಕೇಳತೈತಿ, ಇಷ್ಟು ಬ್ರೌಸರ್ ಅದಾವ, ನಿನಗ ಯಾವುದು ಬೇಕು ಅಂತ. ನಮಗ ಯಾರೂ ಕೇಳೂದಿಲ್ಲ. ಕೇಳದಿದ್ರ ನಾವ ಹೇಳಬೇಕು.

ಇನ್ನ ನಮ್ಮಂಥಾ ಹೆಣ್ಮಕ್ಕಳಿಗೆ ಅಂತನ ಒಂದು ಮಾತೈತಿ. ಮನ್ಯಾಗ ಹೊಸಾ ಫೋನ್ ಬಂದ್ರ ಅದು ಮಗಗ, ಅವನ ಹಳೇದು ಅವ್ವಗ. ಹೌದೋ ಅಲ್ಲೋ? ಯಲಬುರ್ಗಾದ ನಮ್ಮ ವೈನಿ ಕೈಯಾಗಿಂದು ಮಗ ಬಳಸಿಬಿಟ್ಟ ಫೋನು, ಆಂಡ್ರಾಯ್ಡ್ 9. ಇಂಥಾ ಫೋನಿಗೆ, ಅಂದ್ರ ಆಂಡ್ರಾಯ್ಡ್ 8 ಮತ್ತ 9 ಇದ್ದದ್ದಕ್ಕ, 2025ರ ಆಗಸ್ಟಿನಿಂದ ಕ್ರೋಮ್‌ನ ಹೊಸಾ ಆವೃತ್ತಿ ಬರೂದು ನಿಂತೈತಿ. ಅಪ್ಡೇಟ್ ಅಂದ್ರ ಬರೇ ಬಣ್ಣ ಬದಲಾಗೂದಲ್ಲ. ಕಳ್ಳರು ಹೊಸಾ ಸಂದಿ ಕಂಡುಹಿಡಿದಂಗ ಕಂಪನಿಯವರು ಆ ಸಂದಿ ಮುಚ್ಚಿ ಕಳಸ್ತಾರ, ಅದ ಅಪ್ಡೇಟ್. ಮಾಳಿಗಿ ಸೋರೂದಕ್ಕ ವರ್ಷಾ ವರ್ಷ ಮಣ್ಣು ಹಾಕಿದಂಗ. ಮಣ್ಣು ಹಾಕೂದು ನಿಂತ್ರ ಮುಂದಿನ ಮಳಿಗೆ ಸೋರತೈತಿ. ಫೈರ್‌ಫಾಕ್ಸ್ ಅನ್ನೂ ಬ್ರೌಸರ್ ಅದಾದ ಮ್ಯಾಲೂ ಆ ಹಳೇ ಫೋನುಗಳಿಗೆ ಅಪ್ಡೇಟ್ ಕೊಟ್ಟೈತಿ. ಹಂಗಾಗಿ ವೈನಿ ಫೋನಿನ್ಯಾಗ ಬದಲ ಮಾಡೂದ ಬರೋಬರಿ ಅನಿಸಿ ಮಾಡಿಕೊಟ್ವಿ. ಖರೇ, ಫೋನಿಗೇ ಕಂಪನಿ ಅಪ್ಡೇಟ್ ನಿಂತಿದ್ರ ಬ್ರೌಸರ್ ಒಂದರಿಂದ ಪೂರ್ತಿ ರಕ್ಷಣಿ ಸಿಗೂದಿಲ್ಲ. ಮುಂದಿನ ಸಲ ಹೊಸಾ ಫೋನ್ ತಗೊಂಡಾಗ ಅದು ಅವ್ವನ ಕೈಗೂ ಬರಲಿ ಅಂತ ಮಗಗ ಹೇಳಿಬಂದೀನಿ.

ಐಫೋನ್ ಇದ್ದವರಿಗೆ ಒಂದು ಮಾತು. 2020ರಿಂದ ಐಫೋನಿನ್ಯಾಗೂ ಡೀಫಾಲ್ಟ್ ಬ್ರೌಸರ್ ಬದಲ ಮಾಡಾಕ ಬರತೈತಿ. ಆದ್ರ ನಮ್ಮ ದೇಶದಾಗ ಐಫೋನಿನ ಒಳಗ ಯಾವ ಬ್ರೌಸರ್ ಹಾಕಿದ್ರೂ ಒಳಗಿನ ಇಂಜಿನ್ ಸಫಾರೀದ ಇರತೈತಿ. ಟಂಟಂ ಮ್ಯಾಲಿನ ಹೆಸರು, ಸೀಟು ಬದಲಾಗತೈತಿ, ಇಂಜಿನ್ ಅಲ್ಲ. ಬದಲ ಮಾಡೂದರ ಲಾಭ ಅಲ್ಲಿ ಕಡಿಮಿ.

ಹೊರಗಿನವು ಯಾವ್ಯಾವ ಅದಾವ ಅಂದ್ರ, ನಾ ನೋಡಿದ್ದು ಇವು. ಫೈರ್‌ಫಾಕ್ಸ್ ಮಾಡೋರು ಮೊಜಿಲ್ಲಾ ಅನ್ನೂ ಸಂಸ್ಥೆ. ಅದರ ಸೆಟ್ಟಿಂಗ್ಸ್ ಕನ್ನಡದಾಗ ಸಿಗತಾವ, ಕನ್ನಡದ ಹುಡುಗರು ರೊಕ್ಕ ತಗೊಳ್ಳದ ಅನುವಾದ ಮಾಡ್ಯಾರ. ಜಾಹೀರಾತು ತಡಿಯೂ ಜೋಡಣಿ ಅದಕ್ಕ ಹಾಕಬಹುದು, ಫೋನಿನ ಕ್ರೋಮ್‌ಗೆ ಹಂಗ ಹಾಕಾಕ ಬರೂದಿಲ್ಲ. ಬ್ರೇವ್ ಅನ್ನೂದು ಹೊರಗಿನ ಜಾಹೀರಾತನ್ನ ತಾನಾಗೇ ತಡೀತೈತಿ. ನಮ್ಮ ದೇಶದ್ದ ಬೇಕು ಅನ್ನೋರಿಗೆ ಜೋಹೊ ಕಂಪನಿಯ ಉಲಾ ಐತಿ. ಕೇಂದ್ರ ಸರಕಾರ ದೇಶೀ ಬ್ರೌಸರ್ ಮಾಡಾಕ ಇಟ್ಟ ಸ್ಪರ್ಧಾದಾಗ 2025ರ ಮಾರ್ಚಿನ್ಯಾಗ ಜೋಹೊದವರಿಗೆ ಮೊದಲನೇ ಬಹುಮಾನ, ಒಂದು ಕೋಟಿ ರೂಪಾಯಿ ಬಂತು. ಜಾಹೀರಾತು ತಡದ್ರ ಏನು ಲಾಭ ಅಂತೀರಾ? ನೆಟ್ ಕಡಿಮಿ ಖರ್ಚಾಗತೈತಿ, ಪುಟ ಲಗೂನ ತಗೀತೈತಿ. ಎಲ್ಲಾಕ್ಕಿಂತ ಹೆಚ್ಚಿಂದು, "ಡೌನ್‌ಲೋಡ್" ಅಂತ ಹಸರು ಬಣ್ಣದಾಗ ಬರದು ಕಾಯೂ ಸುಳ್ಳು ಗುಂಡಿಗಳು ಕಣ್ಣಿಗೆ ಬೀಳೂದಿಲ್ಲ. ಯಾವುದು ಹಾಕ್ಕೊಂಡ್ರೂ ಪ್ಲೇಸ್ಟೋರಿನಿಂದ ಹಾಕ್ಕೋರಿ. ವಾಟ್ಸ್ಆ್ಯಪ್‌ನ್ಯಾಗ ಬಂದ ಲಿಂಕಿನಿಂದ ಯಾವ ಆ್ಯಪೂ ಇಳಸಬ್ಯಾಡ್ರಿ.

ಈಗ ನನ್ನ ತೀರ್ಮಾನ ಹೇಳತೀನಿ. ಎಲ್ಲಾರೂ ಬದಲ ಮಾಡಬೇಕು ಅಂತ ನಾ ಹೇಳೂದಿಲ್ಲ. ಫೋನ್ ಕಂಪನಿಯ ಸ್ವಂತ ಬ್ರೌಸರ್ ಸುದ್ದಿ, ಜಾಹೀರಾತು ತುಂಬಿಕೊಂಡು ಬರತಿದ್ರ ಮೊದಲ ಅದರ ಸೆಟ್ಟಿಂಗ್ಸ್‌ನ್ಯಾಗ ಆ ಸುದ್ದಿ ಬಂದ್ ಮಾಡಾಕ ಬರತೈತೇನು ನೋಡ್ರಿ. ಬಂದ್ರ ಇಟ್ಕೋರಿ. ಬರದಿದ್ರ ಡೀಫಾಲ್ಟ್ ಬದಲ ಮಾಡ್ರಿ. ಕ್ರೋಮ್ ಇದ್ದು, ಅಪ್ಡೇಟ್ ಬರಾಕತ್ತಿದ್ರ ಅದನ್ನ ತಗದು ಓಡಸೂ ಅವಸರ ಇಲ್ಲ. ಅದಕ್ಕ ಒಗ್ಗಿದವರು ಅದನ್ನ ಬಳಸ್ರಿ. ಫೋನ್ ಹಳೇದಿದ್ದು ಅಪ್ಡೇಟ್ ನಿಂತಿದ್ರ, ಇಲ್ಲಾ ಮನ್ಯಾಗ ನಾಕು ಮಂದಿ ಕೈಯಾಗ ನಿಮ್ಮ ಫೋನ್ ಆಡತಿದ್ರ, ಹೊರಗಿಂದೊಂದು ಹಾಕ್ಕೊಳ್ಳೂದು ಛಲೋ. ಮೂರು ನಾಕು ಹಾಕ್ಕೊಂಡು ಫೋನ್ ತುಂಬಬ್ಯಾಡ್ರಿ.

ಮಾಡೂದು ಹಿಂಗ. ಫೋನಿನ ಸೆಟ್ಟಿಂಗ್ಸ್ ತಗೀರಿ, ಆ್ಯಪ್ಸ್ ಅಂತಿರತೈತಿ, ಅದರಾಗ ಡೀಫಾಲ್ಟ್ ಆ್ಯಪ್ಸ್, ಅದರಾಗ ಬ್ರೌಸರ್. ನಿಮಗ ಬೇಕಾದ್ದನ್ನ ಒತ್ತಿದ್ರ ಮುಗೀತು. ಹಳೇದರಾಗ ಪಾಸ್ವರ್ಡ್ ಉಳಿಸಿಟ್ಟಿದ್ರ ಮೊದಲ ಅವನ್ನ ನೋಡಿ ಬರದಿಟ್ಕೋರಿ, ಇಲ್ಲಂದ್ರ ಆಮ್ಯಾಲ ಪರದಾಡತೀರಿ. ನಮ್ಮ ಓಣಿಯಾಕಿಗೆ ನಾವು ಫೈರ್‌ಫಾಕ್ಸ್ ಹಾಕಿ, ಹೊರಗ ಬರೂಮುಂದ ನೋಡಿದ್ದೆಲ್ಲಾ ತಾನ ಅಳಸೂ ಹಂಗ ಮಾಡಿಕೊಟ್ಟೀವಿ. ಕ್ರೋಮ್ ಇದ್ದವರು "ಇನ್‌ಕಾಗ್ನಿಟೊ" ಒಳಗ ಹುಡುಕಿದ್ರ ಆ ಫೋನಿನ್ಯಾಗ ಹಿಂದಿನ ಗುರುತು ಉಳಿಯೂದಿಲ್ಲ, ಅದಕ್ಕ ಬಟ್ಟಿನ ಗುರುತಿನ ಬೀಗಾನೂ ಹಾಕಬಹುದು. ಆದ್ರ ಅದು ಮನಿ ಮಂದಿಯಿಂದ ಮರಿ ಮಾಡೂದಷ್ಟ. ನೆಟ್ ಕೊಡೂ ಕಂಪನಿಗೆ, ನಾವು ಹೋದ ಸೈಟಿನವರಿಗೆ ನಾವು ಬಂದದ್ದು ಗೊತ್ತಾಗೇ ಆಗತೈತಿ.

ಬ್ರೌಸರ್ ಬದಲ ಮಾಡಿದ್ರ ಮೋಸದ ಸೈಟು ಖರೇ ಆಗೂದಿಲ್ಲ ಅನ್ನೂದನ್ನೂ ಹೇಳಬೇಕು. ಮ್ಯಾಲ ಬೀಗದ ಗುರುತು ಇದ್ರ ನಂಬಬಹುದು ಅಂತ ಯಾರೋ ಹೇಳಿರತಾರ. ಆ ಬೀಗ ಅಂದ್ರ ನಮ್ಮ ಮಾತು ನಡುವ ಯಾರೂ ಕೇಳೂದಿಲ್ಲ ಅಂತ ಅಷ್ಟ. ಆ ಕಡೆ ಕುಂತಾಂವ ಕಳ್ಳನೋ ಸಾಹುಕಾರನೋ ಅದು ಹೇಳೂದಿಲ್ಲ. ಸರಕಾರದ ಕೆಲಸ ಇದ್ರ ವಿಳಾಸದ ಹೆಸರು "ಜಿಓವಿ ಡಾಟ್ ಇನ್" ಅಂತ ಮುಗೀತೈತೇನು ನೋಡ್ರಿ. ಗೃಹಲಕ್ಷ್ಮಿ ರೊಕ್ಕ ಬರಬೇಕಂದ್ರ ಇಲ್ಲಿ ಒತ್ರಿ ಅಂತ ವಾಟ್ಸ್ಆ್ಯಪ್‌ನ್ಯಾಗ ಬಂದ್ರ ಅದನ್ನ ಅಳಸಿ, ಗ್ರಾಮ ಒನ್ನಿಗೋ ಕರ್ನಾಟಕ ಒನ್ನಿಗೋ ಹೋಗಿ ಕೇಳ್ರಿ. ರೊಕ್ಕ ಹೋದದ್ದು ಕಂಡ್ರ ತಡಾ ಮಾಡದ 1930ಕ್ಕ ಫೋನ್ ಮಾಡ್ರಿ. ಎಷ್ಟು ಲಗೂ ಹೇಳತೀರಿ ಅಷ್ಟು ಅದು ತಡಿಯೂ ಆಶಾ ಇರತೈತಿ.

ಮಕ್ಕಳು ಊರಿಗೆ ಬಂದಾಗ ಮಾಡಿಸ್ಕೋತೀನಿ ಅಂತ ಮುಂದ ಹಾಕಬ್ಯಾಡ್ರಿ. ಅವರು ಮಾಡಿಕೊಟ್ರ ಅವರ ಮನಸಿಗೆ ಬಂದದ್ದು ಇಟ್ಟು ಹೋಗತಾರ. ಮಧ್ಯಾಹ್ನ ಊಟ ಆಗಿ ಪಾತ್ರಿ ತಿಕ್ಕಿದ ಮ್ಯಾಲ ಹತ್ತು ನಿಮಿಷ ಕುಂತು ನೀವ ಸೆಟ್ಟಿಂಗ್ಸ್ ತಗದು ನೋಡ್ರಿ. ನೋಡಿದ್ರ ಏನೂ ಕೆಡೂದಿಲ್ಲ. ತಿಳೀದಿದ್ರ ನನಗ ಫೋನ್ ಹಚ್ರಿ, ಸಂಜಿ ನಾಕರ ಮ್ಯಾಲ ನಾ ಮನ್ಯಾಗ ಇರತೀನಿ.